ಮುಖ ತಿರುಗಿಸಿದ ಎಸ್

ನಿತಿಪ್ರಾಯಾನ್, ಯೋಗ್ಯಕರ್ತಾ
ಸೋಮವಾರ, ಜಾವಾ ಪಂಚಾಂಗದ ಲೆಗಿ ದಿನ
೧೨ ಆಗಸ್ಟ್ ೨೦೨೪

ನನ್ನ ಹಟಮಾರಿ ಮಗಳು ಪಾಲುಪಿಗೆ,

ಹೇಗಿದ್ದೀಯ ಮಗಳೇ? ಮಂಡಿನೋವು ಕಡಿಮೆಯಾಯಿತಾ? ಸೊರೊಂಗಿನಲ್ಲಿ ಬಿಡದೆ ಮಳೆ ಹೊಯ್ಯುತ್ತಿದೆ ಅಂತ ನಿನ್ನ ಅಮ್ಮ ಹೇಳಿದಳು. ನೆನೆದುಕೊಂಡು ಹೋಗಿ ಅಂಗಡಿ ತೆರೆಯಬೇಡ. ಒಂದು ದಿನ ನಿನ್ನ ಕೋಳಿಸಾರು, ಆ ಸೋತೋ, ಕುಡಿಯದಿದ್ದರೆ ಆ ಬಂದರಿನ ಜನ ಏನೂ ಸತ್ತುಹೋಗುವುದಿಲ್ಲ. ಅಳಿಯಂದಿರು ಲಾ ಓಡೆ ಈಗಲೂ ಆ ಎತ್ತರದ ಕ್ರೇನ್ ಹತ್ತುತ್ತಾರಾ? ವಯಸ್ಸು ಐವತ್ತು ದಾಟಿತು, ನೆಲದ ಮೇಲೆ ಕೂತು ಮಾಡುವ ಕೆಲಸ ಕೇಳಿಕೊಳ್ಳಲಿ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಆಗಸ್ಟಿನ ಒಣ ಚಳಿ ಶುರುವಾಗಿದೆ, ನಿನ್ನ ಅಮ್ಮ ಎರಡು ಸ್ವೆಟರ್ ಒಂದರ ಮೇಲೊಂದು ಹಾಕಿಕೊಂಡು ಅಡಿಗೆಮನೆಯಲ್ಲಿ ಓಡಾಡುತ್ತಾಳೆ. ಒಂದು ಸ್ವೆಟರ್ ನನ್ನದು. ನನಗೆ ಎಪ್ಪತ್ತೊಂಬತ್ತು ತುಂಬಿತು. ಹಲ್ಲು ಹನ್ನೊಂದು ಉಳಿದಿವೆ, ಕೋಪ ಪೂರ್ತಿ ಉಳಿದಿದೆ ಅಂತ ಅವಳು ಬಂದವರಿಗೆಲ್ಲ ಹೇಳುತ್ತಾಳೆ.

ಫೋನು ಇರುವಾಗ ಈ ಮುದುಕ ಕಾಗದ ಯಾಕೆ ಬರೆಯುತ್ತಾನೆ ಅಂದುಕೊಳ್ಳುತ್ತೀಯ. ಫೋನಿನಲ್ಲಿ ನಾವಿಬ್ಬರೂ ಮಾತಾಡುವ ಚಂದ ನಿನಗೇ ಗೊತ್ತು. "ಊಟ ಆಯ್ತಾ?" "ಆಯ್ತು ಅಪ್ಪ." "ಸರಿ, ಅಮ್ಮನಿಗೆ ಕೊಡ್ತೀನಿ." ಮುಗಿಯಿತು. ಇಷ್ಟು ದೊಡ್ಡ ಸುದ್ದಿಯನ್ನು ಅದರಲ್ಲಿ ಹೇಳಿ ಹಾಳು ಮಾಡಲು ನನಗೆ ಇಷ್ಟವಿಲ್ಲ. ಮನೆಯವರಿಗೆಲ್ಲ ಬಾಯಿ ಬಿಡಬಾರದು ಅಂತ ಆಣೆ ಹಾಕಿದ್ದೇನೆ. ಒಲೆ ಆರಿಸು, ಕೂತುಕೋ, ಆಮೇಲೆ ಮುಂದಿನ ಸಾಲು ಓದು.

ನಿನ್ನೆ ಮಧ್ಯಾಹ್ನ, ಹೋಟೆಲಿನ ದೊಡ್ಡ ಹಾಲಿನಲ್ಲಿ, ಜಕಾರ್ತಾ ಸುರಬಾಯಾಗಳಿಂದ ಬಂದ ದುಡ್ಡಿದ್ದವರ ಮಧ್ಯೆ ಕೂತು, ನಿನ್ನಪ್ಪ ಹರಾಜು ಕೂಗಿ ಗೆದ್ದ! ನಮ್ಮ ಚಿತ್ರಕಾರ ಪುರ್ವೊ ಮಾಡಿದ 'ಸರತಿ' ಚಿತ್ರದ ಮರದಚ್ಚಿನ ಪ್ರತಿ, ಹನ್ನೆರಡರಲ್ಲಿ ಒಂದನೆಯದು, ಈಗ ನಮ್ಮ ಮನೆಯ ನಡುಮನೆಯಲ್ಲಿದೆ. ನಾನು ಇದನ್ನು ಬರೆಯುತ್ತಿರುವಾಗ ಎದುರಿನ ಗೋಡೆಗೆ ಒರಗಿಕೊಂಡು ನನ್ನನ್ನೇ ನೋಡುತ್ತಿದೆ. ಹೌದು, ಅದೇ. ನಿನ್ನ ಎಸ್ ಇರುವುದು.

ಓದುವುದನ್ನು ನಿಲ್ಲಿಸಬೇಡ ಪುಟ್ಟಿ. ಇಪ್ಪತ್ತಾರು ವರ್ಷದಿಂದ ನಾವಿಬ್ಬರೂ ಈ ವಿಷಯ ಬಾಯಿಬಿಟ್ಟು ಆಡಿಲ್ಲ. ನಿನಗೆ ಗೊತ್ತಿರುವುದೇ ಎಲ್ಲ, ಆದರೂ ನನ್ನ ಬಾಯಿಂದ ಒಮ್ಮೆ ಕೇಳು. ತೊಂಬತ್ತೆಂಟರ ಆ ಕೆಟ್ಟ ವರ್ಷ. ಅಕ್ಕಿಗೆ ಸರತಿ, ಎಣ್ಣೆಗೆ ಸರತಿ, ನಮ್ಮ ಕೆಲಸಕ್ಕೆ ಒಳ್ಳೆಯ ಕಾಗದ ಕಣ್ಣಿಗೆ ಕಾಣುತ್ತಿರಲಿಲ್ಲ. ಆ ಸರತಿಯನ್ನೇ ಪುರ್ವೊ ಚಿತ್ರ ಬರೆದ. ಮುಚ್ಚಿದ ಅಕ್ಕಿ ಡಿಪೋ, ಅದರ ಮುಂದೆ ಪಾತ್ರೆ ಹಿಡಿದ ನೂರು ಜನ, ಮೂಲೆಯಲ್ಲಿ ಸಾರ್ನೊನ ಸೋತೋ ಗಾಡಿ. ಚಿತ್ರ ಅವನದು, ಹಲಗೆಯ ಮೇಲೆ ಕೆತ್ತುವುದು, ಶಾಯಿ ಹಚ್ಚಿ ಅಚ್ಚು ತೆಗೆಯುವುದು ನಮ್ಮ ಕಾರ್ಖಾನೆಯದು. ಗಾಡಿಯ ಮೇಲಿನ ಬೋರ್ಡನ್ನು ನಿನಗೆ ವಹಿಸಿದೆ. SOTO AYAM, ಎಂಟು ಅಕ್ಷರ. ಅಚ್ಚಿನಲ್ಲಿ ನೆಟ್ಟಗೆ ಬೀಳಬೇಕಾದರೆ ಹಲಗೆಯಲ್ಲಿ ಎಲ್ಲ ತಿರುಗಿಸಿ ಕೆತ್ತಬೇಕು, ಅದು ನಮ್ಮ ಮನೆಯ ಕೂಸಿಗೂ ಗೊತ್ತು. ಆ ಎಂಟರಲ್ಲಿ ಏಳು ಅಕ್ಷರ ಕನ್ನಡಿಯಲ್ಲಿ ನೋಡಿದರೂ ಹಾಗೇ ಕಾಣುತ್ತವೆ. ಓ ತಿರುಗಿಸಿದರೂ ಓ, ಟಿ ತಿರುಗಿಸಿದರೂ ಟಿ, ಎ, ವೈ, ಎಂ ಎಲ್ಲವೂ ಸಾಧು. ಮೋಸ ಮಾಡಲು ಬರುವುದು ಆ ಎಸ್ ಒಂದಕ್ಕೇ. ಅದನ್ನು ನೀನು ತಿರುಗಿಸದೆ ಹಾಗೇ ಕೆತ್ತಿಬಿಟ್ಟಿದ್ದೆ, ಹಾಳೆಯ ಮೇಲೆ ಅದು ಮುಖ ತಿರುಗಿಸಿಕೊಂಡು ಬಿತ್ತು.

ಆ ದಿನ ನಾನು ಕಾಗದ ಹುಡುಕಿಕೊಂಡು ಪೇಟೆಗೆ ಹೋಗಿದ್ದೆ. ಪುರ್ವೊಗೆ ತಡೆಯಲಾಗದೆ, ಕೈಗೆ ಸಿಕ್ಕ ಯಾವುದೋ ಹಳೆಯ ಹಾಳೆಯ ಮೇಲೆ ಮೊದಲ ಪ್ರತಿ ತಾನೇ ತೆಗೆದು ತಂತಿಗೆ ಹಾಕಿದ್ದ. ನಾನು ಬಂದ ಮೇಲೆ ಉಳಿದ ಹನ್ನೊಂದು ತೆಗೆದೆ. ಹಲಗೆಯ ಮೇಲೆ ಹಾಳೆ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿ ಉಜ್ಜಿ, ಒಂದೊಂದಕ್ಕೂ ಅರ್ಧ ಗಂಟೆ. ನೂರು ಮುಖ ಇರುವ ಚಿತ್ರದಲ್ಲಿ ಮೂಲೆಯ ಒಂದು ಅಕ್ಷರ ಯಾರ ಕಣ್ಣಿಗೂ ಬೀಳಲಿಲ್ಲ. ಕೊನೆಗೆ ಕಂಡುಹಿಡಿದವನು ಯಾರು? ಬಟ್ಟಲು ವಾಪಸು ಒಯ್ಯಲು ಬಂದ ಸಾರ್ನೊ, ಓದು ಬರಹ ಬಾರದವನು! "ಇದು ನನ್ನ ಬೋರ್ಡಲ್ಲ ಕಣಣ್ಣ. ನನ್ನ ಬೋರ್ಡಲ್ಲಿ ಮೊದಲನೇ ಹುಳ ಆ ಕಡೆ ನೋಡ್ತದೆ, ಇದು ಈ ಕಡೆ ನೋಡ್ತಾ ಇದೆ" ಅಂದ. ಎಲ್ಲರೂ ಗೊಳ್ಳೆಂದು ನಕ್ಕರು. ಪುರ್ವೊ ಅಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. "ಬಿಡೋ ಕರ್ತೊಮೊ, ಈ ಹನ್ನೆರಡನ್ನ ಹೀಗೇ ಇಟ್ಕೊಳ್ಳೋಣ, ಬೇರೆ ನಂಬರು ಹಾಕ್ತೀನಿ. ಆಮೇಲೆ ಹಲಗೆ ಸರಿ ಮಾಡು" ಅಂದ. ನಾನು ನಗಲಿಲ್ಲ. ನನ್ನ ಕಾರ್ಖಾನೆಯಿಂದ ಇಂಥ ಮಾಲು ಹೊರಗೆ ಹೋಗುವುದಾ ಅಂತ ಮೈಯೆಲ್ಲ ಉರಿಯಿತು. ಏಳು ಜನರ ಮುಂದೆ ನಿನಗೆ ಅಂದದ್ದು ನನಗೆ ನೆನಪಿದೆ. "ಇದು ಉಳಿ ಹಿಡಿಯೋ ಕೈಯಲ್ಲ, ಸೌಟು ಹಿಡಿಯೋ ಕೈ. ಇನ್ನು ನನ್ನ ಹಲಗೆ ಮುಟ್ಟಬೇಡ." ನಿನಗೆ ಆಗ ಇಪ್ಪತ್ತೊಂದು. ನೀನು ಒಮ್ಮೆ ತಲೆ ಎತ್ತಿ ತಂತಿಯ ಮೇಲೆ ಒಣಗಲು ಹಾಕಿದ್ದ ಹಾಳೆಗಳ ಕಡೆ ನೋಡಿದೆ, ಮತ್ತೆ ತಲೆ ತಗ್ಗಿಸಿದೆ, ಉಳಿಯನ್ನು ಒರೆಸಿ ಡಬ್ಬಿಯಲ್ಲಿಟ್ಟು ಎದ್ದು ಹೋದೆ. ಹಟ, ಬರೀ ಹಟ ಅಂದುಕೊಂಡೆ. ಮಾರನೆಯ ವರ್ಷ ಲಾ ಓಡೆಯವರ ಜೊತೆ ಸೊರೊಂಗಿನ ಹಡಗು ಹತ್ತಿದೆ. ಆಮೇಲೆ ಸೌಟೇ ಹಿಡಿದೆ. ಇರಲಿ.

ಈಗ ಮುಂದಿನದು ಕೇಳು. ಮೂರು ವಾರದ ಹಿಂದೆ ನಿನ್ನಣ್ಣನ ಮಗಳು ಕಿನಾಂತಿ ಫೋನಿನಲ್ಲಿ ಹರಾಜಿನವರ ಕ್ಯಾಟಲಾಗ್ ತೋರಿಸಿದಳು. ಪುರ್ವೊ ಸತ್ತು ಒಂಬತ್ತು ವರ್ಷವಾಯಿತಲ್ಲ, ಸತ್ತ ಮೇಲೆ ಅವನ ಕೆಲಸಕ್ಕೆ ಬಂದಿರುವ ಬೆಲೆ ನೋಡಿದರೆ ಅವನೇ ಎದ್ದು ಬಂದು ನಾಲ್ಕು ಮಾರಿಕೊಂಡು ಹೋಗುತ್ತಿದ್ದ. 'ಸರತಿ' ಪಕ್ಕದಲ್ಲಿ ಏನು ಬರೆದಿದ್ದರು ಗೊತ್ತಾ? "ತಿರುಗಿಸಿದ ಎಸ್ ಅಕ್ಷರವು ಅಂದಿನ ಅಧಿಕಾರಕ್ಕೆ ಕಲಾವಿದರು ಬೇಕೆಂದೇ ತೋರಿಸಿದ ಬೆನ್ನು. ಹಸಿವಿನ ಎದುರು ಭಾಷೆಯೇ ಮುಖ ತಿರುಗಿಸುತ್ತದೆ." ಇನ್ನೂ ಅರ್ಧ ಪುಟ ಹೀಗೇ! ನಾನು ಓದಿ ಓದಿ ನಕ್ಕೆ. ಆಮೇಲೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ನನ್ನ ಮಗಳು ಮಾಡಿದ ತಪ್ಪಿಗೆ ನನ್ನ ಮಗಳು ಮನೆ ಬಿಟ್ಟು ಹೋಗಬೇಕು, ಅದೇ ತಪ್ಪು ಅವನ ಹೆಸರಲ್ಲಿ ಜಾಣತನ ಅಂತ ಮಾರಾಟವಾಗಬೇಕಾ? ಯಾರ ಅಪ್ಪನ ಮನೆಯ ನ್ಯಾಯ ಇದು? ಆ ಎಸ್ ನಮ್ಮದು, ನಮ್ಮ ಮನೆಯಲ್ಲಿರಬೇಕು ಅಂತ ಅಲ್ಲೇ ತೀರ್ಮಾನಿಸಿದೆ. ಹನ್ನೆರಡರಲ್ಲಿ ಎಷ್ಟೋ ಹೊರದೇಶಕ್ಕೆ ಹೋದವು, ಕೆಲವು ಗೆದ್ದಲು ತಿಂದವು. ಇದೊಂದೇ ಕಣ್ಣಿಗೆ ಬಿದ್ದದ್ದು, ಇದು ಹೋದರೆ ನನ್ನ ಆಯಸ್ಸಿನಲ್ಲಿ ಇನ್ನೊಂದು ಬರುವುದಿಲ್ಲ.

ದುಡ್ಡು? ಅದಕ್ಕೆ ಜೋಕೊ ಲೆಲೊನೊನನ್ನು ಕೊಟ್ಟೆ. ಹೌದು, ನನ್ನ ಹಕ್ಕಿಯನ್ನೇ. ನಾಲ್ಕು ಸಲ ಹಾಡಿನ ಪಂದ್ಯ ಗೆದ್ದ ಬೆಳವ. ಪಕ್ಕದ ಬೀದಿಯ ಪಾರ್ಜಾನ್ ಆರು ವರ್ಷದಿಂದ ಅದರ ಮೇಲೆ ಕಣ್ಣಿಟ್ಟಿದ್ದ. ಪಂಜರ ಒಯ್ಯುವಾಗ ಅವನ ಬಾಯಿ ಸುಮ್ಮನಿರಬೇಕಲ್ಲ, "ಕೊನೆಗೂ ಬುದ್ಧಿ ಬಂತಾ ಕರ್ತೊಮೊ? ಕಾಗದದ ಮೇಲಿನ ಸೋತೋ ಕುಡಿದು ಹೊಟ್ಟೆ ತುಂಬಿಸ್ಕೋ" ಅಂದ. ನಿನ್ನ ಅಮ್ಮ ಬಾಗಿಲಲ್ಲಿ ನಿಂತು, "ಹಕ್ಕಿ ಆಯ್ತು, ಇನ್ನು ನನ್ನನ್ನೂ ಮಾರಿಬಿಡಿ. ಹಲಗೆಗೆ ಇಟ್ಟ ಪ್ರೀತಿ ಯಾರ ಮೇಲೂ ಇಡಲಿಲ್ಲ ಈ ಮನುಷ್ಯ" ಅಂತ ಗೊಣಗಿದಳು. ಆದರೆ ಮಗಳೇ, ಒಂದು ವಿಚಿತ್ರ ಹೇಳುತ್ತೇನೆ, ಅವತ್ತು ರಾತ್ರಿ ಅವಳೇ ತನ್ನ ಡಬ್ಬಿ ತೆಗೆದು ಇದ್ದದ್ದನ್ನೆಲ್ಲ ನನ್ನ ಮುಂದೆ ಸುರಿದಳು. "ಅದನ್ನ ಬಿಟ್ಟುಬರಬೇಡಿ" ಅಂದಳು, ಅಷ್ಟೇ. ಯಾಕೆ ಅಂತ ಕೇಳಿದರೆ ಪಾತ್ರೆ ತೊಳೆಯಲು ಎದ್ದು ಹೋದಳು.

ಶನಿವಾರ ಹರಾಜಿನ ಮಾಲನ್ನು ನೋಡಲು ಬಿಡುತ್ತಾರೆ. ಕಿನಾಂತಿಯ ಸ್ಕೂಟರಿನ ಹಿಂದೆ ಕೂತು ಹೋದೆ. 'ಸರತಿ'ಗೆ ಗಾಜು ಹಾಕಿ ಗೋಡೆಗೆ ತೂಗುಹಾಕಿದ್ದರು, ಪಕ್ಕದಲ್ಲಿ ಚೀಟಿ. ಮಾಮೂಲಿ ಕಾಗದ, ಒಂದು ಮಡಿಕೆಯ ಗುರುತು, ಹಿಂಬದಿಯಲ್ಲಿ ಕಲಾವಿದರದೇ ಇರಬಹುದಾದ ಪೆನ್ಸಿಲ್ ಗೀಟುಗಳು. ಇಷ್ಟು ಕುಂದು ಇರುವುದರಿಂದಲೇ ಆರಂಭದ ಬೆಲೆ ಕಡಿಮೆ ಅಂತ ಕಿನಾಂತಿ ಪಿಸುಗುಟ್ಟಿದಳು. ನಾನು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿನ್ನ ಎಸ್ ನೋಡಿದೆ. ಎಷ್ಟು ಚೆನ್ನಾಗಿ ಕೆತ್ತಿದ್ದೀಯೇ! ತಿರುವಿನಲ್ಲಿ ಉಳಿ ಎಲ್ಲೂ ತಡವರಿಸಿಲ್ಲ, ಬಾಲದ ಕಡೆ ಕೂದಲೆಳೆಯಷ್ಟು ತೆಳುವಾಗಿ ಬಿಟ್ಟಿದ್ದೀಯ. ಅವತ್ತು ಇದನ್ನು ನಾನು ನೋಡಲೇ ಇಲ್ಲ, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಹರಾಜಿನವರ ತಜ್ಞ ಅಂತೆ, ಬಾಟಿಕ್ ಅಂಗಿಯ ಕನ್ನಡಕದವನು, ಜಕಾರ್ತಾದ ಇಬ್ಬರು ಸಾಹುಕಾರರನ್ನು ಕರೆದುಕೊಂಡು ಬಂದು ಅಧಿಕಾರ, ಬೆನ್ನು, ಹಸಿವು ಅಂತ ಪುರಾಣ ಶುರು ಮಾಡಿದ. ಬಾಯಿಗೆ ಬೀಗ ಹಾಕಿಕೊಂಡಿರಬೇಕು ಅಂತ ಕಿನಾಂತಿ ಮೊದಲೇ ಹೇಳಿದ್ದಳು. ಬೀಗ ನಿಲ್ಲಲಿಲ್ಲ. "ಬೆನ್ನೂ ಇಲ್ಲ ಮಣ್ಣೂ ಇಲ್ಲ ಕಣಪ್ಪ. ಅದು ತಪ್ಪು. ಎಸ್ ತಿರುಗಿಸೋದು ಮರೆತುಹೋಗಿತ್ತು" ಅಂದೆ. ಅವನು ನನ್ನ ಚಪ್ಪಲಿಯಿಂದ ತಲೆವರೆಗೆ ನೋಡಿ, "ತಾತ, ಕಲಾವಿದರ ಉದ್ದೇಶ ನಮಗೆ ನಿಮಗೆಲ್ಲ ಅಷ್ಟು ಸುಲಭವಾಗಿ ತಿಳಿಯಲ್ಲ" ಅಂದ. ನನಗೆ ಹೇಗಾಗಿರಬೇಡ! "ಹನ್ನೊಂದು ಪ್ರತಿ ತೆಗೆದವನು ನಾನು. ಈ ಕೈ ನೋಡು. ನಲವತ್ತು ವರ್ಷದಲ್ಲಿ ಈ ಕೈಯಿಂದ ಒಂದು ಅಕ್ಷರ ಮುಖ ತಿರುಗಿಸಿಲ್ಲ. ಅದು ನನ್ನ ಮಗಳು ಕೆತ್ತಿದ್ದು, ಅವಳಿಗೆ ಆಗ ಇಪ್ಪತ್ತೊಂದು, ಅವಳ ತಲೆ ಎಲ್ಲೋ ಇತ್ತು. ನಿನ್ನ ಅಧಿಕಾರ ಗಿಧಿಕಾರ ಅವಳಿಗೆ ಗೊತ್ತೇ ಇರಲಿಲ್ಲ" ಅಂತ ಇಡೀ ಹಾಲಿಗೆ ಕೇಳುವ ಹಾಗೆ ಅಂದುಬಿಟ್ಟೆ. ಕಿನಾಂತಿ ನನ್ನ ತೋಳು ಜಗ್ಗಿ, "ತಾತಾ, ಮೆಲ್ಲಗೆ! ಮಾನ ಹೋಗ್ತಿದೆ" ಅಂತ ಹಲ್ಲು ಕಚ್ಚಿದಳು. ಮಾನ ಹೋದದ್ದು ನಮ್ಮದಲ್ಲ. ಆ ಇಬ್ಬರು ಸಾಹುಕಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕ್ಯಾಟಲಾಗಿನಲ್ಲಿ ಹಾಕಿಕೊಂಡಿದ್ದ ಗುರುತನ್ನು ಅಲ್ಲೇ ಹೊಡೆದುಹಾಕಿದರು. ಅವರು ಕೊಳ್ಳಲು ಬಂದದ್ದು ಪುರ್ವೊನ ಬೆನ್ನನ್ನು, ನನ್ನ ಮಗಳ ತಪ್ಪನ್ನಲ್ಲ. ಇದನ್ನು ನನ್ನ ಉಪಾಯ ಅಂತ ಪಾರ್ಜಾನನ ಹತ್ತಿರ ಹೇಳಿಕೊಂಡಿದ್ದೇನೆ. ನಿಜಕ್ಕೂ ಬಾಯಿ ತಡೆಯಲಿಲ್ಲ, ಅಷ್ಟೇ.

ನಿನ್ನೆ ಭಾನುವಾರ. ಮದುವೆಗೆ ಹೊಲಿಸಿದ ಲುರಿಕ್ ಪಟ್ಟೆಯ ಅಂಗಿ ಹಾಕಿದೆ, ಗುಂಡಿ ಈಗಲೂ ಹಾಕಲು ಬರುತ್ತದೆ. ನಮಗೆ ಕೊಟ್ಟ ರಟ್ಟಿನ ನಂಬರು ಎಪ್ಪತ್ತೊಂದು. ಮೂರು ಕೋಟಿ ರುಪಿಯಾ ದಾಟುವ ಹಾಗಿಲ್ಲ, ಅದರ ಮೇಲೆ ಹರಾಜಿನವರ ಪಾಲು ಬೇರೆ ಕೊಡಬೇಕು, ದಾಟಿದರೆ ನಿಮ್ಮ ಕೈ ಹಿಡಿದು ಕೆಳಗೆ ಎಳೆಯುತ್ತೇನೆ ಅಂತ ಕಿನಾಂತಿ ನನ್ನ ತೋಳಿನ ಬಟ್ಟೆ ಹಿಡಿದೇ ಕೂತಿದ್ದಳು. ಹಾಲಿನಲ್ಲಿ ಏಸಿ ಚಳಿ ಬೇರೆ. ನಮ್ಮ ಸರದಿ ಬರುವ ಹೊತ್ತಿಗೆ ಮೂರೂವರೆ ಗಂಟೆ. ಒಂದು ಕೋಟಿ ಇಪ್ಪತ್ತು ಲಕ್ಷದಿಂದ ಶುರು ಅಂದ ಹರಾಜು ಕೂಗುವಾತ. ನಾನು ರಟ್ಟು ಎತ್ತಿದೆ. ಎತ್ತಿದವನು ಇಳಿಸಲೇ ಇಲ್ಲ! ಮಿಕ್ಕವರು ಎತ್ತುವುದು, ಇಳಿಸುವುದು, ಕಿವಿಯಲ್ಲಿ ಮಾತಾಡುವುದು, ಮತ್ತೆ ಎತ್ತುವುದು. ನನಗೆ ಅದೆಲ್ಲ ಬರುವುದಿಲ್ಲ. ಅರ್ಧ ಗಂಟೆಗೊಂದು ಪ್ರತಿಯಂತೆ ದಿನವೆಲ್ಲ ಚಮಚ ಉಜ್ಜಿದ ಕೈ ಇದು, ಒಂದು ರಟ್ಟು ಹಿಡಿಯಲು ನೋಯುತ್ತದಾ? ಎರಡು ಕೋಟಿ ಆಗುವಷ್ಟರಲ್ಲಿ ಮೂವರು ಉಳಿದರು, ಎರಡೂವರೆ ಕೋಟಿಗೆ ನಾವಿಬ್ಬರೇ. ಇನ್ನೊಬ್ಬರು ಸುರಬಾಯಾದ ಹಲ್ಲಿನ ಡಾಕ್ಟರಮ್ಮ, ಲಿಲಿಯಾನಾ ಅಂತ. ಬಿಳಿ ಕೂದಲು, ಕೆಂಪು ಕನ್ನಡಕ, ಬಾಯಲ್ಲಿ ಪೆಪ್ಪರಮಿಂಟು. ಪ್ರತಿ ಸಲ ನನ್ನ ಕಡೆ ತಿರುಗಿ ನೋಡುವುದು, ಪೆಪ್ಪರಮಿಂಟು ಆ ದವಡೆಯಿಂದ ಈ ದವಡೆಗೆ ಹಾಕುವುದು, ಹತ್ತು ಲಕ್ಷ ಏರಿಸುವುದು.

ಎರಡು ಕೋಟಿ ತೊಂಬತ್ತು ಲಕ್ಷ ಅಂದರು ಅವರು. ಮೂರು ಕೋಟಿ, ಎಪ್ಪತ್ತೊಂದನೇ ನಂಬರು ಅಂದ ಹರಾಜು ಕೂಗುವಾತ, ನನ್ನ ರಟ್ಟು ನೋಡಿ. ಅಲ್ಲಿಗೆ ನನ್ನ ಗಂಟು ಮುಗಿಯಿತು ಮಗಳೇ. ಡಾಕ್ಟರಮ್ಮ ಇನ್ನೊಂದೇ ಒಂದು ಸಲ ಕೈ ಎತ್ತಿದ್ದರೆ, ಹಕ್ಕಿಯೂ ಇಲ್ಲ, ಎಸ್ಸೂ ಇಲ್ಲ, ಬರಿಗೈಯಲ್ಲಿ ಸ್ಕೂಟರ್ ಹತ್ತಬೇಕಿತ್ತು. ಕಿನಾಂತಿಯ ಉಗುರು ನನ್ನ ತೋಳಿಗೆ ನೆಟ್ಟಿತು, ಗುರುತು ಇವತ್ತೂ ಇದೆ. ನಾನು ಕೈ ಇಳಿಸಲಿಲ್ಲ. ಮನಸ್ಸಿನಲ್ಲಿ ನನಗೆ ಬಂದ ಪ್ರಾರ್ಥನೆಯನ್ನೆಲ್ಲ ಹೇಳಿಕೊಂಡೆ, ಕೊನೆಗೆ ಯಾವುದೂ ನೆನಪಾಗದೆ ನಿನ್ನ ಹೆಸರು ಹೇಳಿಕೊಂಡೆ. ಡಾಕ್ಟರಮ್ಮ ನನ್ನ ಕಡೆ ನೋಡಿದರು, ನನ್ನ ಕೈ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಪೆಪ್ಪರಮಿಂಟನ್ನು ಕಟಕ್ಕನೆ ಕಡಿದು, ಸಾಕು ಅಂತ ತಲೆ ಆಡಿಸಿಬಿಟ್ಟರು. ಸುತ್ತಿಗೆ ಬಿತ್ತು. ನಾನು ಎದ್ದು ನಿಂತು ಕೂಗಿದೆನಂತೆ. ಏನು ಕೂಗಿದೆ ಅಂತ ನನಗೆ ಗೊತ್ತಿಲ್ಲ. "ತಾತ, ನೀವು ಗೋಲ್ ಹೊಡೆದವರ ಹಾಗೆ ಕುಣಿದ್ರಿ" ಅನ್ನುತ್ತಾಳೆ ಕಿನಾಂತಿ. ಇಡೀ ಹಾಲು ಚಪ್ಪಾಳೆ ಹೊಡೆಯಿತು.

ಆಮೇಲೆ ಡಾಕ್ಟರಮ್ಮ ನನ್ನ ಹತ್ತಿರ ಬಂದು, "ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಇನ್ನೂ ಎಷ್ಟು ದೂರ ಹೋಗ್ತಿದ್ರಿ?" ಅಂದರು. "ಒಂದು ಹೆಜ್ಜೆಯೂ ಇಲ್ಲಮ್ಮ, ಅಲ್ಲಿಗೇ ಮುಗೀತು" ಅಂದೆ. ಅವರು ಹಣೆ ಚಚ್ಚಿಕೊಂಡರು. "ಅಯ್ಯೋ ದೇವರೇ! ಆ ಕೈ ನೋಡಿ ನಾನು ಹೆದರಿದೆ. ಈ ಯಜಮಾನರು ಮನೆ ಮಾರಿಯಾದರೂ ಬಿಡಲ್ಲ ಅಂದ್ಕೊಂಡೆ" ಅಂದು ನಕ್ಕರು. ಶನಿವಾರ ನನ್ನ ರಂಪ ಅವರೂ ಕೇಳಿಸಿಕೊಂಡಿದ್ದರಂತೆ. ತಪ್ಪು ಅಂತ ಗೊತ್ತಾದ ಮೇಲೆಯೇ ಅವರಿಗೆ ಅದು ಬೇಕು ಅನಿಸಿದ್ದಂತೆ. "ನಿಮ್ಮ ಮಗಳು ಈಗಲೂ ಕೆತ್ತುತ್ತಾರಾ?" ಅಂತ ಕೇಳಿದರು. ಇಲ್ಲ ಅಂದೆ. "ಯಾಕೆ?" ಅಂದರು. ನಾನು ತಿರುಗಿ, ದುಡ್ಡು ಕಟ್ಟುವುದು ಎಲ್ಲಿ ಅಂತ ಕಿನಾಂತಿಯನ್ನು ಕೇಳಿದೆ.

ಚೌಕಟ್ಟನ್ನು ಸ್ಕೂಟರಿನಲ್ಲಿ ತರಲಾಗದೆ ಸೈಕಲ್ ರಿಕ್ಷಾ ಮಾಡಿದೆ. ಹಿಂದೆ ರಿಕ್ಷಾದವನು, ಮುಂದೆ ನಾನು, ತೊಡೆಯ ಮೇಲೆ ನಿನ್ನ ಎಸ್. ಸ್ವಾತಂತ್ರ್ಯದ ದಿನಕ್ಕೆ ಬೀದಿಯೆಲ್ಲ ಕೆಂಪು ಬಿಳಿ ಬಾವುಟ ಕಟ್ಟಿದ್ದಾರೆ. ನಮ್ಮ ಕೇರಿಯವರು ಯಾವುದೋ ಸ್ಪರ್ಧೆಯಲ್ಲಿ ಬಹುಮಾನ ಬಂತು ಅಂದುಕೊಂಡು ಕೈ ಬೀಸಿದರು, ನಾನೂ ಬೀಸಿದೆ. ಪಾರ್ಜಾನನ ಮನೆಯ ಮುಂದೆ ಮಾತ್ರ ನಿಧಾನವಾಗಿ ತುಳಿ ಅಂತ ರಿಕ್ಷಾದವನಿಗೆ ಹೇಳಿದೆ. ನಿನ್ನ ಅಮ್ಮ ಸಂಭ್ರಮಕ್ಕೆ ಮಾಡುವ ಹಳದಿ ಅನ್ನದ ಗೋಪುರ ಮಾಡಿ ಕಾಯುತ್ತಿದ್ದಳು. ಗೆಲ್ಲುತ್ತೇನೆ ಅಂತ ಅವಳಿಗೆ ಹೇಗೆ ಗೊತ್ತಿತ್ತೋ! ನಿನ್ನ ಅಂಗಡಿಯಲ್ಲಿ ಎರಡು ಸಾವಿರ ಬಟ್ಟಲು ಸೋತೋ ಮಾರಿದರೆ ಬರುವಷ್ಟು ದುಡ್ಡು ಕೊಟ್ಟು ಬಂದಿದ್ದೇನೆ, ಆದರೂ ರಾತ್ರಿ ಇಷ್ಟು ಚೆನ್ನಾಗಿ ನಿದ್ದೆ ಮಾಡಿ ವರ್ಷಗಳಾಗಿತ್ತು. ಹಕ್ಕಿಯ ಪಂಜರದ ಕೊಕ್ಕೆ ಖಾಲಿ ಇದೆ, ಬೆಳಿಗ್ಗೆ ಅಭ್ಯಾಸದಂತೆ ಕಾಳು ಹಿಡಿದು ಅದರ ಕೆಳಗೆ ನಿಂತಿದ್ದೆ. ಅದೊಂದು ಬಿಟ್ಟರೆ ಏನೂ ಕೊರತೆಯಿಲ್ಲ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಪಾಲುಪಿ, ನಾನು ನಿನ್ನನ್ನು ಕ್ಷಮಿಸಿದ್ದೇನೆ. ಅದನ್ನು ಹೇಳಬೇಕಿತ್ತು. ಇಪ್ಪತ್ತಾರು ವರ್ಷದ ಹಿಂದಿನ ನಿನ್ನ ತಪ್ಪನ್ನು ನಾನೇ ಹೋಗಿ, ಮೂರು ಕೋಟಿ ಕೂಗಿ, ಮೆರವಣಿಗೆ ಮಾಡಿಕೊಂಡು ಮನೆಗೆ ತಂದಿದ್ದೇನೆ. ಇದಕ್ಕಿಂತ ದೊಡ್ಡ ಮನಸ್ಸು ಯಾವ ಅಪ್ಪ ಮಾಡುತ್ತಾನೆ ಹೇಳು? ಚಿಕ್ಕವಳಿದ್ದೆ, ಕಣ್ತಪ್ಪಾಯಿತು, ಮುಗಿಯಿತು. ಹಾಗೇ ಇನ್ನೊಂದು ಮಾತು. ಹೋದ ಹಬ್ಬಕ್ಕೆ ನೀನು ಕಳಿಸಿದ ಫೋಟೋದಲ್ಲಿ ನಿನ್ನ ಅಂಗಡಿಯ ಬೋರ್ಡ್ ನೋಡಿದೆ. ಅಲ್ಲೂ ಎಸ್ ಮುಖ ತಿರುಗಿಸಿಕೊಂಡೇ ಕೂತಿದೆಯಲ್ಲೇ! ಬೋರ್ಡು ಬರೆದವನ ಕಿವಿ ಹಿಂಡಿ ಸರಿ ಮಾಡಿಸು. ಗಿರಾಕಿಗಳು ಏನಂದುಕೊಳ್ಳುತ್ತಾರೆ?

ಅಳಿಯಂದಿರಿಗೆ ನನ್ನ ಸಲಾಮು. ನಿನಗೆ ಒಳ್ಳೆಯದಾಗಲಿ, ಮಂಡಿ ಬೇಗ ವಾಸಿಯಾಗಲಿ, ನಿನ್ನ ಒಲೆ ಆರದಿರಲಿ. ನಿನ್ನ ಅಮ್ಮ ಮುತ್ತು ಕಳಿಸಿದ್ದಾಳೆ, ಕಿನಾಂತಿ ಇನ್ನೇನೋ ಬೊಂಬೆ ಗುರುತು ಕಳಿಸುತ್ತಾಳಂತೆ, ಕಾಗದದಲ್ಲಿ ಹಾಕಲು ಬರುವುದಿಲ್ಲ.

ನಿನ್ನ ದೊಡ್ಡ ಮನಸ್ಸಿನ ಅಪ್ಪ,
ಕರ್ತೊಮೊ

ತಾ.ಕ.: ಅಂಟು ಹಾಕುವ ಮೊದಲು ಮತ್ತೆ ತೆರೆದೆ. ಊಟವಾದ ಮೇಲೆ ನಿನ್ನ ಅಮ್ಮ, ಗಾಜಿನೊಳಗೆ ಹುಳ ಸೇರಿದೆ, ಚೌಕಟ್ಟು ಬಿಚ್ಚಿ ಅಂತ ಪ್ರಾಣ ತಿಂದಳು. ಬಿಚ್ಚಿದೆ. ಹುಳ ಇರಲಿಲ್ಲ. ಹಾಳೆ ತಿರುಗಿಸಿದೆ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದದ್ದು ಪುರ್ವೊ ಅಲ್ಲ, ನಾನು. ನಿನಗೆ ಕೆತ್ತಲು ನಾನೇ ಬರೆದುಕೊಟ್ಟ ಮಾದರಿ. ಎಂಟು ಅಕ್ಷರ, ಬಲದಿಂದ ಎಡಕ್ಕೆ, ಎಲ್ಲ ಸರಿಯಾಗಿ ಹಿಂದುಮುಂದು ಮಾಡಿ ಬರೆದಿದ್ದೇನೆ. ಎಸ್ ಒಂದನ್ನು ತಿರುಗಿಸಿಲ್ಲ. ಕೆಳಗೆ ಕಾರ್ಬನ್ ಇಟ್ಟು ಅದರ ಗೀಟಿನ ಮೇಲೆ ನೀನು ತಿದ್ದಿದ ಗುರುತು ಹಾಗೇ ಇದೆ, ಕೂದಲೆಳೆಯಷ್ಟೂ ಆಚೀಚೆ ಹೋಗಿಲ್ಲ. ನಾನು ಬರೆದದ್ದನ್ನು ನೀನು ಕೆತ್ತಿದೆ. ಪುರ್ವೊ ಕೈಗೆ ಸಿಕ್ಕಿತು ಅಂತ ಅದೇ ಹಾಳೆಯ ಮೇಲೆ ಮೊದಲ ಪ್ರತಿ ತೆಗೆದಿದ್ದ. ನಾನು ಬೈಯುವಾಗ ಅದು ನನ್ನ ತಲೆಯ ಮೇಲೆ ತಂತಿಯಲ್ಲಿ ನೇತಾಡುತ್ತಿತ್ತು. ನೀನು ತಲೆ ಎತ್ತಿ ಅದನ್ನೇ ನೋಡಿದೆ. ಕೈ ತೋರಿಸಿದ್ದರೆ ಸಾಕಿತ್ತು, ತೋರಿಸಲಿಲ್ಲ. ನನ್ನ ಕಾರ್ಖಾನೆಯಲ್ಲಿ ನನ್ನ ಜನರ ಮುಂದೆ ನನ್ನ ತಲೆ ತಗ್ಗಬಾರದು ಅಂತ ನಿನ್ನ ತಲೆ ತಗ್ಗಿಸಿಕೊಂಡೆ. ನಿನ್ನ ಅಮ್ಮನಿಗೆ ಆಗಲೇ ಗೊತ್ತಿತ್ತಂತೆ, ಅಪ್ಪನಿಗೆ ಹೇಳಬಾರದು ಅಂತ ನೀನು ಆಣೆ ಹಾಕಿಸಿಕೊಂಡಿದ್ದೆಯಂತೆ. ಮೇಲೆ ಬರೆದಿರುವ ಕ್ಷಮೆಯ ಮಾತನ್ನೆಲ್ಲ ಹೊಡೆದುಹಾಕಬೇಕು ಅಂದುಕೊಂಡೆ. ಬೇಡ, ಇರಲಿ, ನಿನ್ನಪ್ಪ ಎಂಥ ಮನುಷ್ಯ ಅಂತ ಬರಹದಲ್ಲಿ ಇರಲಿ. ಬೋರ್ಡು ತಿದ್ದಿಸಬೇಡ. ಅದು ಯಾರ ಎಸ್ ಅಂತ ಈಗ ಗೊತ್ತಾಯಿತು. ನಿನ್ನ ಉಳಿ ಇಪ್ಪತ್ತಾರು ವರ್ಷದಿಂದ ಅದೇ ಡಬ್ಬಿಯಲ್ಲಿದೆ, ಈಗ ತಾನೇ ಎಣ್ಣೆ ಹಚ್ಚಿದೆ. ಅದನ್ನು ತೆಗೆದುಕೊಂಡು ನಾನೇ ಸೊರೊಂಗಿಗೆ ಬರುತ್ತೇನೆ, ಟಿಕೆಟ್ ನೋಡು ಅಂತ ಕಿನಾಂತಿಗೆ ಹೇಳಿದ್ದೇನೆ. ಒಂದೇ ಒಂದು ವಿಷಯ ನೀನು ತಿಳಿಸಬೇಕು. ಅವತ್ತು ನಿನ್ನನ್ನು ಏಳು ಜನರ ಮುಂದೆ ಬೈದಿದ್ದೆ. ನಿನ್ನ ಅಂಗಡಿಯಲ್ಲಿ ಏಳಕ್ಕಿಂತ ಹೆಚ್ಚು ಜನ ಕೂತಿರುವುದು ಯಾವ ಹೊತ್ತಿಗೆ?